ದಾದಿಯ ಹೆಸರು ಯಾವ ಪುಸ್ತಕದಲ್ಲಿ?

(ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ನಾನು ಪತ್ರಿಕೆಯಲ್ಲಿ ತಪ್ಪು ಬರೆದರೆ ಮರುದಿನ ತಿದ್ದುಪಡಿ ಹಾಕಬಹುದು. ನೀವು ತಪ್ಪು ಔಷಧ ಕೊಟ್ಟರೆ ತಿದ್ದಿಕೊಳ್ಳಲು ಮರುದಿನ ಇರುವುದಿಲ್ಲ. ಅದಕ್ಕೇ ನಿಮ್ಮ ಹೆಸರು ಸರ್ಕಾರದ ನೋಂದಣಿ ಪುಸ್ತಕದಲ್ಲಿರಬೇಕೆಂಬ ನಿಯಮ. ನನ್ನ ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಅಂಥ ಪುಸ್ತಕವೇ ಇಲ್ಲ! ಇಂದು ಸಹಜವೆನಿಸುವ ಈ ನಿಯಮಕ್ಕಾಗಿ ಇಂಗ್ಲೆಂಡಿನಲ್ಲಿ 32 ವರ್ಷ ಹೋರಾಟ ನಡೆಯಿತು. ಅದನ್ನು ವಿರೋಧಿಸಿದವರಲ್ಲಿ ಪ್ರಮುಖರು ಯಾರು ಗೊತ್ತೆ? ಫ್ಲಾರೆನ್ಸ್ ನೈಟಿಂಗೇಲ್.

ಆಗ ಯಾರು ಬೇಕಾದರೂ ತಾನು ನರ್ಸ್ ಎಂದು ಹೇಳಿಕೊಳ್ಳಬಹುದಿತ್ತು. ಮೂರು ವರ್ಷ ಕಲಿತವಳಿಗೂ ಮೂರು ವಾರ ವಾರ್ಡಿನಲ್ಲಿ ಓಡಾಡಿದವಳಿಗೂ ಹೆಸರಿನಲ್ಲಿ ಭೇದವಿರಲಿಲ್ಲ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ 1887ರಲ್ಲಿ ಬ್ರಿಟಿಷ್ ನರ್ಸ್‌ಗಳ ಸಂಘ ಕಟ್ಟಿದರು. ವೈದ್ಯರಿಗೆ 1858ರಲ್ಲೇ ನೋಂದಣಿ ಕಾಯ್ದೆ ಬಂದಿರುವಾಗ ನರ್ಸ್‌ಗಳಿಗೇಕೆ ಬೇಡ ಎಂಬುದು ಅವರ ವಾದ.

ನೈಟಿಂಗೇಲ್ ಒಪ್ಪಲಿಲ್ಲ. ತಾಳ್ಮೆ, ಶೀಲ, ಕರುಣೆಗಳನ್ನು ಪರೀಕ್ಷೆ ಅಳೆಯಲಾರದು. ಒಮ್ಮೆ ಪುಸ್ತಕದಲ್ಲಿ ಹೆಸರು ಸೇರಿತೆಂದು ಒಳ್ಳೆಯ ನರ್ಸ್ ಆಗಿಯೇ ಉಳಿಯುತ್ತಾಳೆಂಬ ಭರವಸೆ ಏನು? ಇದು ಅವರ ಪ್ರಶ್ನೆ. ಪುಸ್ತಕದ ವಿದ್ಯೆ ಕಡಿಮೆಯಿದ್ದರೂ ಕೈಗುಣವಿದ್ದ ಹೆಂಗಸರು ಹೊರಗುಳಿದಾರೆಂಬ ಅಳುಕೂ ಇತ್ತು. ಈ ಅಳುಕನ್ನು ತಳ್ಳಿಹಾಕುವಂತಿಲ್ಲ. ಫೆನ್ವಿಕ್ ಅವರಿಗೆ ಒಳ್ಳೆಯ ಮನೆತನದ ಹೆಣ್ಣುಮಕ್ಕಳೇ ಈ ವೃತ್ತಿಗೆ ಬರಲೆಂಬ ಆಸೆಯಿತ್ತು.

ಅಷ್ಟರಲ್ಲಿ ನ್ಯೂಜಿಲೆಂಡ್ 1901ರಲ್ಲೇ ನರ್ಸ್‌ಗಳಿಗೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಬ್ರಿಟನ್ನಿನಲ್ಲಿ ಮಸೂದೆಗಳು ಬಂದವು, ಬಿದ್ದವು. ಕೊನೆಗೆ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಕಾಯ್ದೆಯಾಯಿತು. 1921ರಲ್ಲಿ ತೆರೆದ ಪುಸ್ತಕದಲ್ಲಿ ಮೊದಲನೆಯ ಹೆಸರು ಫೆನ್ವಿಕ್ ಅವರದೇ. ನೈಟಿಂಗೇಲ್ ಅದನ್ನು ನೋಡಲಿಲ್ಲ, 1910ರಲ್ಲೇ ತೀರಿಕೊಂಡಿದ್ದರು.

ಆ ಗಾಳಿ ನಮ್ಮತ್ತಲೂ ಬೀಸಿತು. 1926ರಲ್ಲಿ ಮದರಾಸು ಪ್ರಾಂತ್ಯ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆ ತಂದಾಗ ಮಂಗಳೂರು, ಬಳ್ಳಾರಿಗಳು ಆ ಪ್ರಾಂತ್ಯದಲ್ಲೇ ಇದ್ದವು. ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ 1947ರದು. ನಮ್ಮ ರಾಜ್ಯದ್ದು 1961ರದು. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಆಯೋಗದ ಕಾಯ್ದೆಯನ್ನೂ ಅಂಗೀಕರಿಸಿತು.

ಹಾಗಾದರೆ ಗೆದ್ದವರು ಯಾರು? ಕಾನೂನಿನಲ್ಲಿ ಫೆನ್ವಿಕ್. ಹಾಸಿಗೆಯಲ್ಲಿ ಮಲಗಿದ ಅಪರಿಚಿತ ರೋಗಿ ದಾದಿಯ ಶೀಲ ವಿಚಾರಿಸಲಾರ. ಅವನಿಗೆ ನೋಂದಣಿಯೇ ಆಧಾರ. ಆದರೆ ರಾತ್ರಿ ಎರಡು ಗಂಟೆಗೆ ಅವನು ನರಳಿದಾಗ ನೀವು ಎದ್ದು ಬರುತ್ತೀರೋ ಇಲ್ಲವೋ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನೈಟಿಂಗೇಲ್ ಕೇಳಿದ ಆ ಪ್ರಶ್ನೆಗೆ ಉತ್ತರಿಸಬೇಕಾದವರು ನೀವು.