ಅಂಕಪಟ್ಟಿಯ ಇಂಗ್ಲಿಷ್, ತರಗತಿಯ ಇಂಗ್ಲಿಷ್

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಶಿಕ್ಷಣ ಸಮಿತಿಯ ಪರವಾಗಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಶಿಕ್ಷಣ ಸಮಿತಿಯಲ್ಲಿರುವ ನಾವು ಹೆಚ್ಚಿನವರು ನಿವೃತ್ತ ಶಿಕ್ಷಕರು. ಈ ವರ್ಷ ಟ್ರಸ್ಟಿಗೆ ಅರ್ಜಿ ಹಾಕಿದ ಹೈಸ್ಕೂಲು ಮಕ್ಕಳಿಗೆ ನಾವು ಇಂಗ್ಲಿಷ್ ಕೇಳಿ ತಿಳಿಯುವ ಮತ್ತು ಓದಿ ತಿಳಿಯುವ ಪರೀಕ್ಷೆಯೊಂದನ್ನು ನಡೆಸಿದೆವು. ಅದನ್ನು ಏಕೆ ಮಾಡಿದಿರಿ, ಹೇಗೆ ಮಾಡಿದಿರಿ ಎಂದು ಸಭೆಗೆ ತಿಳಿಸಿರೆಂದು ಅಧ್ಯಕ್ಷರು ಹೇಳಿದ್ದಾರೆ. ಇದರ ಜೊತೆಗೆ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಬೇಕಾಗಿದೆ. ಕೆಲವು ದಾನಿಗಳು ಮಕ್ಕಳ ಮೇಲಿನ ಕಾಳಜಿಯಿಂದಲೇ ಕೇಳಿದ್ದಾರೆ: "ಈ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ ವಿದ್ಯಾರ್ಥಿವೇತನ ಕೊಟ್ಟರೆ ಆಗದೇ? ಹಣ ವ್ಯರ್ಥವಾಗುವುದಿಲ್ಲವಲ್ಲ?" ಇದಕ್ಕೆ ನಮ್ಮ ಉತ್ತರ 'ಬೇಡ' ಎಂದು. ಏಕೆ ಬೇಡ ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ಸಮಸ್ಯೆ ಏನೆಂದು ನೋಡೋಣ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಮಗು ಪಿಯುಸಿ ವಿಜ್ಞಾನಕ್ಕೆ ಸೇರುತ್ತದೆ. ಇಂಗ್ಲಿಷಿನಲ್ಲಿಯೂ ಅಂಕ ಚೆನ್ನಾಗಿಯೇ ಇರುತ್ತದೆ. ಜೂನ್ ಕಳೆದು ಜುಲೈ ಬರುವಾಗ ಆ ಮಗುವಿನ ಮುಖ ಸಣ್ಣದಾಗಿರುತ್ತದೆ. ಉಪನ್ಯಾಸಕರು ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ಮಗು ಬೋರ್ಡಿನಲ್ಲಿ ಇರುವುದನ್ನು ಬರೆದುಕೊಳ್ಳುತ್ತದೆ, ಬಾಯಲ್ಲಿ ಹೇಳಿದ್ದು ಹೋಗುತ್ತದೆ. ಮನೆಯಲ್ಲಿ ಕೇಳಿದರೆ "ಪಾಠ ಕಷ್ಟ" ಎನ್ನುತ್ತದೆ. ಭೌತಶಾಸ್ತ್ರ ಕಷ್ಟವೋ, ಅದನ್ನು ಹೇಳುವ ಭಾಷೆ ಕಷ್ಟವೋ ಎಂಬುದು ಮಗುವಿಗೂ ಗೊತ್ತಿರುವುದಿಲ್ಲ. ಕೆಲವರು ವಿಷಯ ಬದಲಿಸುತ್ತಾರೆ, ಕೆಲವರು ಕಾಲೇಜನ್ನೇ ಬಿಡುತ್ತಾರೆ. ನೀಟ್ ಪರೀಕ್ಷೆಯನ್ನು ಈಗ ಕನ್ನಡ, ಉರ್ದು ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು ಎಂಬುದು ನಿಜ. ಆದರೆ ಸೀಟು ಸಿಕ್ಕಿದ ಮೇಲೆ ಕೂರಬೇಕಾದ ತರಗತಿಯ ಪಾಠ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ.

ಅಂಕ ಇದ್ದೂ ಹೀಗೇಕೆ? ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುವವರಿಗೆ ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಲಿಖಿತ ಪರೀಕ್ಷೆಯಲ್ಲಿ ಕಿವಿಗೆ ಕೆಲಸವೇ ಇಲ್ಲ. ಕಣ್ಣಿಗೆ ಇರುವ ಕೆಲಸದಲ್ಲಿಯೂ ದೊಡ್ಡ ಪಾಲು ಪಠ್ಯಪುಸ್ತಕದ ಪಾಠಗಳದ್ದು. ಪ್ರಶ್ನೋತ್ತರ, ಪತ್ರ, ಪದ್ಯ ಎಲ್ಲವನ್ನೂ ಕಂಠಪಾಠ ಮಾಡಿ ಬರೆಯಬಹುದು. ಶ್ರಮಪಟ್ಟು ಕಲಿತ ಮಗುವಿನ ಅಂಕ ಸುಳ್ಳಲ್ಲ. ಅದು ಆ ಮಗುವಿನ ಶ್ರಮವನ್ನು ಹೇಳುತ್ತದೆ, ಆದರೆ ಇಂಗ್ಲಿಷಿನ ಹೊಸ ಪಾಠವೊಂದನ್ನು ಕೇಳಿದರೆ, ಓದಿದರೆ ಅರ್ಥವಾಗುತ್ತದೆಯೇ ಎಂಬುದನ್ನು ಹೇಳುವುದಿಲ್ಲ.

ಕಂಠಪಾಠವಿಲ್ಲದೆಯೂ ಅಂಕ ಪಡೆಯುವ ಇನ್ನೊಂದು ದಾರಿ ಇದೆ. ಈ ವಾಕ್ಯ ಕೇಳಿ: "ಗಿಮ್ಮನು ಸಂಜೆ ಹೊತ್ತು ಲೋಪಟವನ್ನು ಝರಿಂಟಿದನು." ಈಗ ಪ್ರಶ್ನೆ: ಲೋಪಟವನ್ನು ಝರಿಂಟಿದವರು ಯಾರು? ಗಿಮ್ಮ. ಯಾವಾಗ? ಸಂಜೆ ಹೊತ್ತು. ನೀವೆಲ್ಲರೂ ಎರಡಕ್ಕೆ ಎರಡು ಅಂಕ ಪಡೆದಿರಿ! ಆದರೆ ಗಿಮ್ಮ ಯಾರು, ಲೋಪಟ ಏನು ಎಂದು ಕೇಳಿದರೆ ನಮಗೂ ಗೊತ್ತಿಲ್ಲ. ಆ ಶಬ್ದಗಳಿಗೆ ಅರ್ಥವೇ ಇಲ್ಲ. ಪ್ರಶ್ನೆಯಲ್ಲಿರುವ ಶಬ್ದವನ್ನು ಗದ್ಯದಲ್ಲಿ ಹುಡುಕಿ, ಆ ಸಾಲನ್ನೇ ಉತ್ತರವಾಗಿ ಇಳಿಸುವ ಜಾಣತನವನ್ನು ನಮ್ಮ ಅನೇಕ ಮಕ್ಕಳು ಚೆನ್ನಾಗಿ ಕಲಿತಿದ್ದಾರೆ.

ಮದ್ರಸದಲ್ಲಿ ಮಗು ಮಖ್ರಜ್ ತಪ್ಪದೆ ಕುರ್‌ಆನ್ ಓದಲು ಕಲಿಯುತ್ತದೆ. ಆ ಪಾರಾಯಣಕ್ಕೆ ಅದರದೇ ಪುಣ್ಯವಿದೆ. ಆದರೆ ಅರ್ಥ ತಿಳಿಯಬೇಕಾದರೆ ತರ್ಜುಮೆ, ತಫ್ಸೀರುಗಳನ್ನು ಬೇರೆಯಾಗಿ ಕಲಿಯಬೇಕೆಂದು ನಮಗೆಲ್ಲ ಗೊತ್ತು. ಇಂಗ್ಲಿಷಿನ ವಿಷಯದಲ್ಲಿ ಮಾತ್ರ ಇದನ್ನು ಮರೆಯುತ್ತೇವೆ. ಮಗು ಪೇಪರನ್ನು ಗಟ್ಟಿಯಾಗಿ, ತಡವರಿಸದೆ ಓದಿದರೆ ಸಾಕು, ಇಂಗ್ಲಿಷ್ ಬಂತೆಂದು ಸಂತೋಷಪಡುತ್ತೇವೆ.

ಇದು ನಮ್ಮ ಮಕ್ಕಳಿಗೆ ಮಾತ್ರ ಸೀಮಿತವಲ್ಲ. 26 ರಾಜ್ಯಗಳ 28 ಜಿಲ್ಲೆಗಳ ಗ್ರಾಮೀಣ ಪ್ರದೇಶದಲ್ಲಿ 14ರಿಂದ 18 ವರ್ಷದವರ ನಡುವೆ ನಡೆದ 2023ರ 'ಅಸರ್' ಸಮೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ಶೇ. 57ರಷ್ಟು ಮಾತ್ರ ಇದ್ದರು. ಹಾಗೆ ಓದಿದವರಲ್ಲಿ ಅರ್ಥ ಹೇಳಿದವರು ಸುಮಾರು ಮುಕ್ಕಾಲು ಪಾಲು. ಅಂದರೆ ನೂರು ಮಂದಿಯಲ್ಲಿ ಸುಮಾರು 42 ಮಂದಿ. ಅವು ಸಣ್ಣ ಸಣ್ಣ ಸುಲಭ ವಾಕ್ಯಗಳು ಎಂಬುದನ್ನೂ ನೆನಪಿಡಬೇಕು.

1986ರಲ್ಲಿ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿನ ಬಗ್ಗೆ ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರಗಳನ್ನು ಶಬ್ದವಾಗಿ ಬಿಡಿಸುವ ಶಕ್ತಿ ಒಂದು, ಅದೇ ಮಾತನ್ನು ಕೇಳಿದರೆ ತಿಳಿಯುವ ಶಕ್ತಿ ಇನ್ನೊಂದು. ಇವೆರಡರ ಗುಣಲಬ್ಧವೇ ಓದಿ ತಿಳಿಯುವುದು. ಕೂಡಿಸುವ ಲೆಕ್ಕವಲ್ಲ ಇದು, ಗುಣಿಸುವ ಲೆಕ್ಕ. ಒಂದು ಕಡೆ ಸೊನ್ನೆಯಿದ್ದರೆ ಇನ್ನೊಂದು ಕಡೆ ಎಷ್ಟಿದ್ದರೂ ಉತ್ತರ ಸೊನ್ನೆ. ಆದ್ದರಿಂದ ಕಿವಿ ಮತ್ತು ಕಣ್ಣು ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಯಾವುದು ಕಡಿಮೆ ಎಂದು ತಿಳಿಯದೆ ಟ್ಯೂಷನ್ ಕೊಡಿಸುವುದು, ರೋಗ ನೋಡದೆ ಔಷಧ ಕೊಟ್ಟಂತೆ.

ನಾವು ಪರೀಕ್ಷೆ ನಡೆಸಿದ ಕ್ರಮ ಹೀಗಿದೆ.

ಕೇಳುವ ಪರೀಕ್ಷೆಗೆ ಶಿಕ್ಷಕರೊಬ್ಬರು ಸಹಜ ವೇಗದಲ್ಲಿ, ಎರಡು ಬಾರಿ ಓದಿದರು. ವಿದೇಶಿ ಉಚ್ಚಾರದ ಧ್ವನಿಮುದ್ರಣ ಬಳಸಲಿಲ್ಲ. ಮಗು ನಾಳೆ ಕೇಳಬೇಕಾದದ್ದು ನಮ್ಮೂರಿನ ಉಪನ್ಯಾಸಕರ ಇಂಗ್ಲಿಷನ್ನು. ಮೊದಲ ಭಾಗದಲ್ಲಿ ಸಂಖ್ಯೆ, ಸಮಯ, ಹೆಸರುಗಳು: ರೈಲು ಎಷ್ಟು ನಿಮಿಷ ತಡ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂಬಂಥವು. ಎರಡನೆಯ ಭಾಗದಲ್ಲಿ ಸೂಚನೆಗಳು: ನಕ್ಷೆಯಲ್ಲಿ ದಾರಿ ಗುರುತಿಸುವುದು. ಮೂರನೆಯ ಭಾಗದಲ್ಲಿ ವಿಜ್ಞಾನದ ಎರಡು ನಿಮಿಷದ ಪಾಠ.

ಉತ್ತರವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ ಹೇಗೂ ಬರೆಯಬಹುದಿತ್ತು, ಚಿತ್ರದಲ್ಲಿ ಗುರುತು ಹಾಕಿದರೂ ಸರಿ. ಇದರ ಬಗ್ಗೆ ಕೆಲವರು ಆಕ್ಷೇಪಿಸಿದರು: "ಇಂಗ್ಲಿಷ್ ಪರೀಕ್ಷೆಗೆ ಕನ್ನಡದಲ್ಲಿ ಉತ್ತರವೇ?" ಹೌದು. ನಾವು ಅಳೆಯುತ್ತಿರುವುದು ಕಿವಿಯನ್ನು. ಕೇಳಿದ್ದು ಪೂರ್ತಿ ತಿಳಿದಿದ್ದರೂ ಇಂಗ್ಲಿಷಿನಲ್ಲಿ ಬರೆಯಲು ಬಾರದೆ ಮಗು ಖಾಲಿ ಹಾಳೆ ಕೊಟ್ಟರೆ, ನಾವು ಅಳೆದದ್ದು ಬರವಣಿಗೆಯನ್ನು ಎಂದಾಗುತ್ತದೆ.

ಈ ಭಾಗದಲ್ಲಿ ಒಂದು ವಿಷಯ ಎದ್ದು ಕಂಡಿತು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನಲ್ಲಿ ಹಾಗಲ್ಲ. ದ್ವೀಪ ಎಂಬ ಅರ್ಥದ ಶಬ್ದವನ್ನು 'ಇಸ್ಲ್ಯಾಂಡ್' ಎಂದು ಬಾಯಿಪಾಠ ಮಾಡಿಕೊಂಡ ಮಗುವಿಗೆ, ಯಾರಾದರೂ 'ಐಲ್ಯಾಂಡ್' ಎಂದರೆ ಅದು ತನಗೆ ಗೊತ್ತಿರುವ ಶಬ್ದವೇ ಎಂದು ಹೊಳೆಯುವುದಿಲ್ಲ. ಸಾಲಕ್ಕೆ 'ಡೆಬ್ಟ್' ಎಂದು ಕಲಿತವರಿಗೆ 'ಡೆಟ್' ಎಂಬುದು ಹೊಸ ಶಬ್ದ. 'ಥರ್ಟೀನ್' ಮತ್ತು 'ಥರ್ಟಿ' ಒಂದೇ ರೀತಿ ಕೇಳುತ್ತವೆ. ಔಷಧದ ಪ್ರಮಾಣ ಹೇಳುವಾಗ ಈ ವ್ಯತ್ಯಾಸ ಸಣ್ಣದಲ್ಲ. ಕಣ್ಣಿಗೆ ಗೊತ್ತಿರುವ ಶಬ್ದ ಕಿವಿಗೆ ಅಪರಿಚಿತ. ಇದು ದಡ್ಡತನವಲ್ಲ, ಯಾರೂ ಓದಿ ಹೇಳಿರಲಿಲ್ಲ ಅಷ್ಟೆ. ಹದೀಸ್ ವಿದ್ವಾಂಸರು ಗುರುವಿನ ಬಾಯಿಂದ ನೇರವಾಗಿ ಕೇಳಿ ಕಲಿಯುವ 'ಸಮಾಅ್'ಗೆ ಮೊದಲ ಸ್ಥಾನ ಕೊಟ್ಟ ಪರಂಪರೆ ನಮ್ಮದು. ಕೇಳುವುದೂ ಒಂದು ವಿದ್ಯೆ ಎಂದು ನಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ಓದುವ ಪರೀಕ್ಷೆಗೆ ಪಠ್ಯಪುಸ್ತಕದ ಹೊರಗಿನ ಬರಹಗಳನ್ನೇ ಆರಿಸಿದೆವು. ಒಂದು ಉದಾಹರಣೆ: ಓಆರ್‌ಎಸ್ ಪೊಟ್ಟಣದ ಮೇಲಿನ ಸೂಚನೆ. ಇಡೀ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಬೇಕು, 24 ಗಂಟೆಯೊಳಗೆ ಬಳಸಬೇಕು ಎಂದು ಅದರಲ್ಲಿದೆ. "ಎಷ್ಟು ನೀರು?" ಎಂದು ಕೇಳಿದರೆ ಹೆಚ್ಚಿನವರು ಹೇಳುತ್ತಾರೆ, ಶಬ್ದ ಹುಡುಕಿದರೆ ಸಾಕು. "ನಿನ್ನೆ ಬೆಳಿಗ್ಗೆ ಕರಗಿಸಿಟ್ಟದ್ದನ್ನು ಇಂದು ಸಂಜೆ ತಂಗಿಗೆ ಕುಡಿಸಬಹುದೇ? ಏಕೆ?" ಎಂದು ಕೇಳಿದಾಗ ಓದಿ ತಿಳಿದವರು ಯಾರು, ಸಾಲು ಇಳಿಸುವವರು ಯಾರು ಎಂದು ಗೊತ್ತಾಗುತ್ತದೆ.

ಇಷ್ಟೇ ಉದ್ದದ ಇನ್ನೊಂದು ಬರಹವನ್ನು ಮಗುವಿನ ಶಾಲೆಯ ಭಾಷೆಯಲ್ಲಿಯೂ ಕೊಟ್ಟೆವು. ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಎಂದು ನಾಲ್ಕಾರು ಭಾಷೆಗಳ ನಡುವೆ ಬೆಳೆಯುವವರು. ಇದು ಅವರ ಆಸ್ತಿ. ಆದರೆ ಕನ್ನಡದ ಗದ್ಯವನ್ನೇ ಓದಿ ತಿಳಿಯಲಾಗದ ಮಗುವಿಗೆ ತೊಂದರೆ ಇಂಗ್ಲಿಷಿನದ್ದಲ್ಲ, ಓದಿನದ್ದು. ಅಲ್ಲಿ ಮೊದಲು ಕನ್ನಡದ ಓದನ್ನೇ ಗಟ್ಟಿ ಮಾಡಬೇಕು.

ಈ ಪರೀಕ್ಷೆಯಲ್ಲಿ ಮೂರು ಬಗೆಯ ಮಕ್ಕಳನ್ನು ಕಂಡೆವು. ಓದಿದರೆ ತಿಳಿಯುತ್ತದೆ, ಕೇಳಿದರೆ ತಿಳಿಯುವುದಿಲ್ಲ ಎಂಬವರು ಒಂದು ಬಗೆ. ಇವರಿಗೆ ಕಿವಿಯ ಅಭ್ಯಾಸ ಸಾಕು, ಬೇಗ ಸುಧಾರಿಸುತ್ತಾರೆ. ಕೇಳಿದರೆ ತಿಳಿಯುತ್ತದೆ, ಪಟಪಟ ಮಾತೂ ಆಡುತ್ತಾರೆ, ಆದರೆ ಒಂದು ಪುಟ ಓದಿ ಸಾರಾಂಶ ಹೇಳಲಾರರು ಎಂಬವರು ಎರಡನೆಯ ಬಗೆ. ಇವರಲ್ಲಿ ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಇದ್ದಾರೆ. ಶುಲ್ಕ ಕಟ್ಟುವ ತಂದೆ ತಾಯಿ ಇದನ್ನು ಗಮನಿಸಬೇಕು. ಎರಡರಲ್ಲಿಯೂ ಹಿಂದೆ ಇರುವವರು ಮೂರನೆಯ ಬಗೆ. ಇವರಿಗೆ ಸಮಯ ಬೇಕು. ಇನ್ನೊಂದು ಮಾತು: ಕೇಳುವುದರಲ್ಲಿ ಹಿಂದೆ ಬಿದ್ದ ಮಗುವಿನ ಕಿವಿಯನ್ನು, ಓದುವುದರಲ್ಲಿ ಹಿಂದೆ ಬಿದ್ದ ಮಗುವಿನ ಕಣ್ಣನ್ನು ವೈದ್ಯರಿಗೆ ಒಮ್ಮೆ ತೋರಿಸಿ. ಕಿವಿ ಸೋರುವ ಮಗುವಿಗೆ, ಕನ್ನಡಕ ಬೇಕಾದ ಮಗುವಿಗೆ "ಗಮನ ಕೊಡು" ಎಂದು ಗದರಿದರೆ ಪ್ರಯೋಜನವಿಲ್ಲ.

ಈಗ ದಾನಿಗಳ ಪ್ರಶ್ನೆಗೆ ಬರುತ್ತೇವೆ. ಈ ಪರೀಕ್ಷೆ ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ. ಥರ್ಮಾಮೀಟರಿನಲ್ಲಿ ಜ್ವರ ಕಂಡ ರೋಗಿಯನ್ನು ಆಸ್ಪತ್ರೆಯಿಂದ ಹೊರಗೆ ಕಳಿಸುವುದಿಲ್ಲ. ಝಕಾತ್ ಪಡೆಯುವ ಹಕ್ಕು ಬಡವನಿಗೆ ಅವನ ಅಗತ್ಯದಿಂದ ಬಂದದ್ದು, ಅವನ ಇಂಗ್ಲಿಷಿನಿಂದ ಬಂದದ್ದಲ್ಲ. ಮನೆಯಲ್ಲಿ ಇಂಗ್ಲಿಷ್ ಬಲ್ಲವರಿರುವ, ಪತ್ರಿಕೆ ಬರುವ ಮನೆಯ ಮಗು ಈ ಪರೀಕ್ಷೆಯಲ್ಲಿ ಸುಲಭವಾಗಿ ಮುಂದೆ ಬರುತ್ತದೆ. ಬೀಡಿ ಕಟ್ಟುವ ತಾಯಿಯ ಮಗಳು, ಮೀನಿನ ಲಾರಿಗೆ ಹೋಗುವ ತಂದೆಯ ಮಗ ಹಿಂದೆ ಉಳಿಯುತ್ತಾರೆ. ಇದನ್ನೇ ಜರಡಿ ಮಾಡಿದರೆ ಇದ್ದವರಿಗೇ ಇನ್ನಷ್ಟು ಕೊಟ್ಟಂತಾಗುತ್ತದೆ. ಪರೀಕ್ಷೆಯನ್ನು ಷರತ್ತಾಗಿಸಿದರೆ ಇನ್ನೊಂದು ಅಪಾಯವೂ ಇದೆ: ಮುಂದಿನ ವರ್ಷವೇ ಅದಕ್ಕೂ ಗೈಡು ಬರುತ್ತದೆ, ಅದನ್ನೂ ಮಕ್ಕಳು ಬಾಯಿಪಾಠ ಮಾಡುತ್ತಾರೆ.

ಆದ್ದರಿಂದ ನಮ್ಮ ಸಮಿತಿಯ ಸಲಹೆ ಇದು. ವಿದ್ಯಾರ್ಥಿವೇತನದ ಆಯ್ಕೆ ಹಿಂದಿನಂತೆ ಮನೆಯ ಪರಿಸ್ಥಿತಿ ಮತ್ತು ಶಾಲೆಯ ಪ್ರಗತಿಯನ್ನು ನೋಡಿಯೇ ನಡೆಯಲಿ. ಪರೀಕ್ಷೆಯ ಫಲಿತಾಂಶ ಆಯ್ಕೆಯ ಕಡತಕ್ಕೆ ಸೇರದಿರಲಿ. ಅದು ಮುಚ್ಚಿದ ಲಕೋಟೆಯಲ್ಲಿ ಮಗುವಿಗೂ ಪೋಷಕರಿಗೂ ಮಾತ್ರ ತಲುಪಲಿ. ಫಲಕದಲ್ಲಿ ಹಾಕುವುದು, ವೇದಿಕೆಯಲ್ಲಿ ಓದುವುದು ಬೇಡ. ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿ ಆರಂಭವಾಗುವವರೆಗಿನ ರಜೆಯಲ್ಲಿ ಆಯಾ ಮಗುವಿನ ಕೊರತೆಗೆ ತಕ್ಕ ತರಗತಿ ನಡೆಯಲಿ. ದಾನಿಗಳಲ್ಲಿ ನಾವು ಕೇಳುವುದು ದೊಡ್ಡ ಮೊತ್ತವನ್ನಲ್ಲ. ಸದ್ದಿಲ್ಲದ ಒಂದು ಕೊಠಡಿ, ಒಂದು ಒಳ್ಳೆಯ ಸ್ಪೀಕರ್, ಇಂಗ್ಲಿಷ್ ಪತ್ರಿಕೆಯ ಚಂದಾ. ಹಿಂದಿನ ವರ್ಷಗಳಲ್ಲಿ ಟ್ರಸ್ಟಿನ ನೆರವು ಪಡೆದು ಈಗ ಕಾಲೇಜಿನಲ್ಲಿರುವ ಮಕ್ಕಳೇ, ನೀವು ವಾರಕ್ಕೆ ಅರ್ಧ ಗಂಟೆ ಬಂದು ತಮ್ಮ ತಂಗಿಯರಿಗೆ ಓದಿ ಹೇಳಿ. ಅದೂ ಸದಕಾವೇ.

ಪೋಷಕರಿಗೆ ಎರಡು ಮಾತು. "ನಮಗೇ ಇಂಗ್ಲಿಷ್ ಬಾರದು, ನಾವೇನು ಮಾಡುವುದು?" ಎನ್ನಬೇಡಿ. ದಿನಕ್ಕೆ ಹತ್ತು ನಿಮಿಷ ಮಗುವಿನಿಂದ ಇಂಗ್ಲಿಷ್ ಓದಿಸಿ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, "ಅದರಲ್ಲಿ ಏನಿತ್ತು, ನನಗೆ ಹೇಳು" ಎಂದು ಮನೆಯ ಮಾತಿನಲ್ಲಿಯೇ ಕೇಳಿ. ನಿಮಗೆ ಅರ್ಥವಾಗುವಂತೆ ಮಗು ಬ್ಯಾರಿಯಲ್ಲೋ ಉರ್ದುವಿನಲ್ಲೋ ಹೇಳಿದರೆ ಅದಕ್ಕೆ ಅರ್ಥವಾಗಿದೆ. ಹೇಳಲಾಗದಿದ್ದರೆ ಇನ್ನೊಮ್ಮೆ ಓದಲಿ. ಈ ಪರೀಕ್ಷೆ ನಡೆಸಲು ತಾಯಿಗೆ ಯಾವ ಡಿಗ್ರಿಯೂ ಬೇಡ. ಕಿವಿಯ ಅಭ್ಯಾಸಕ್ಕೆ ಆಕಾಶವಾಣಿ ಇದೆ. ಮೊದಲು ಕನ್ನಡ ವಾರ್ತೆ ಕೇಳಲಿ, ಅದೇ ದಿನ ಇಂಗ್ಲಿಷ್ ವಾರ್ತೆ ಕೇಳಲಿ. ವಿಷಯ ಮೊದಲೇ ಗೊತ್ತಿರುವುದರಿಂದ ಕಿವಿ ಶಬ್ದಗಳನ್ನು ಹಿಡಿಯುತ್ತದೆ.

ಮಕ್ಕಳೇ, ನಿಮ್ಮಲ್ಲಿ ನರ್ಸಿಂಗ್ ಓದಬೇಕೆಂದಿರುವ ಹುಡುಗಿಯರು ಅನೇಕರಿದ್ದೀರಿ. ಐಇಎಲ್‌ಟಿಎಸ್ ಬರೆದು ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಕೇಳುವುದು, ಓದುವುದು, ಮಾತಾಡುವುದು ಮೂರರಲ್ಲಿಯೂ ತಲಾ 7 ಅಂಕ ಬೇಕು, ಬರವಣಿಗೆಗೆ 6.5 ಸಾಕು. ಅಲ್ಲಿ ಕೇಳುವ ಪರೀಕ್ಷೆಯ 40 ಪ್ರಶ್ನೆಗಳಿಗೆ ಧ್ವನಿಯನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ. ಆ ಕಿವಿಯನ್ನು ಕೊನೆಯ ಮೂರು ತಿಂಗಳ ಕೋಚಿಂಗಿನಲ್ಲಿ ತಯಾರು ಮಾಡುವುದು ಕಷ್ಟ. ಎಂಟನೆಯ ತರಗತಿಯಿಂದ ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಕಷ್ಟವಲ್ಲ.

ಈ ವರ್ಷದ ಲಕೋಟೆಯಲ್ಲಿ ನಿಮಗೆ ಕಡಿಮೆ ಅಂಕ ಬಂದಿದ್ದರೆ ಅಂಜಬೇಡಿ. ನಿಮ್ಮ ವಿದ್ಯಾರ್ಥಿವೇತನಕ್ಕೆ ಅದರಿಂದ ಏನೂ ಆಗುವುದಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ಅದು ತಿಳಿಸುತ್ತದೆ, ಅಷ್ಟೆ. ಲಕೋಟೆಯನ್ನು ಹಿಡಿದುಕೊಂಡು ರಜೆಯ ತರಗತಿಗೆ ಬನ್ನಿ, ಇನ್ಶಾ ಅಲ್ಲಾಹ್ ನಾವು ಅಲ್ಲಿರುತ್ತೇವೆ.

ದಾನಿಗಳ ದಾನವನ್ನು, ತಂದೆ ತಾಯಂದಿರ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ. ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ಕರುಣಿಸಲಿ. ಆಮೀನ್. ವಸ್ಸಲಾಮ್.