ಸೆಜಾನ್‌ನ ಜಲವರ್ಣಗಳು

ಜಲವರ್ಣವೆಂದರೆ ಆತುರದ ಮಾಧ್ಯಮವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಕಾಗದ ಒದ್ದೆಯಾಗಿರುವಾಗಲೇ ಮೋಡ ಹರಡಬೇಕು, ಅದು ಆರುವುದರೊಳಗೆ ಬೆಟ್ಟದ ಅಂಚು ಕರಗಬೇಕು, ಅರ್ಧ ಗಂಟೆಯಲ್ಲಿ ಚಿತ್ರ ಮುಗಿಯಬೇಕು. ಫ್ರಾನ್ಸಿನ ಪಾಲ್ ಸೆಜಾನ್ ತನ್ನ ಕಡೆಗಾಲದಲ್ಲಿ ಇದೇ ಮಾಧ್ಯಮವನ್ನು ಸಾವಧಾನಕ್ಕೆ ಒಗ್ಗಿಸಿದ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಚಿತ್ರಗಳನ್ನು ಕುರಿತು. ಅದರಲ್ಲೂ ಅವನು ಬಣ್ಣ ಹಚ್ಚದೆ ಬಿಟ್ಟ ಜಾಗಗಳನ್ನು ಕುರಿತು.

ಸೆಜಾನ್ 1839ರಲ್ಲಿ ದಕ್ಷಿಣ ಫ್ರಾನ್ಸಿನ ಎಕ್ಸ್ ಎಂಬ ಊರಿನಲ್ಲಿ ಹುಟ್ಟಿದ. ತಂದೆ ಬ್ಯಾಂಕಿನ ಒಡೆಯ. ಮಗ ಕಾನೂನು ಓದಲೆಂದು ಬಯಸಿದವನು. ಪ್ಯಾರಿಸಿನ ಓಡಾಟ, ಅಲ್ಲಿ ಪಟ್ಟ ತಿರಸ್ಕಾರ, ಇವೆಲ್ಲ ಬಲ್ಲವರು ಬಲ್ಲ ಕಥೆ. 1902ರಲ್ಲಿ ಊರ ಉತ್ತರದ ಲೋವ್ ದಿಣ್ಣೆಯ ಮೇಲೆ ಅವನ ಹೊಸ ಚಿತ್ರಶಾಲೆ ಸಿದ್ಧವಾಯಿತು. ಅಲ್ಲಿಂದ ತುಸು ಮೇಲೇರಿದರೆ ಪೂರ್ವದಲ್ಲಿ ಸಾಂತ್ ವಿಕ್ತುವಾರ್ ಬೆಟ್ಟ ಕಾಣುತ್ತದೆ: ಸುಣ್ಣಕಲ್ಲಿನ ಬೆಟ್ಟ, 1011 ಮೀಟರ್ ಎತ್ತರ. ಬಾಲ್ಯದಿಂದ ನೋಡಿದ್ದ ಆ ಬೆಟ್ಟವನ್ನು ಮುದುಕನಾದ ಸೆಜಾನ್ ಮತ್ತೆ ಮತ್ತೆ ಬರೆದ, ತೈಲವರ್ಣದಲ್ಲಿಯೂ ಜಲವರ್ಣದಲ್ಲಿಯೂ.

ಅವನು ಬರೆಯುತ್ತಿದ್ದ ಕ್ರಮವನ್ನು ಎಮಿಲ್ ಬರ್ನಾರ್ ಎಂಬ ತರುಣ ಕಲಾವಿದ 1904ರಲ್ಲಿ ಪ್ರತ್ಯಕ್ಷ ಕಂಡು ದಾಖಲಿಸಿದ್ದಾನೆ. ಮೊದಲು ನೆರಳಿನಿಂದ ಆರಂಭ. ತೆಳುವಾದ ಒಂದು ಬಣ್ಣದ ತೇಪೆ. ಅದನ್ನು ಮೀರಿ ಹರಡುವ ಎರಡನೆಯದು. ಅದರ ಮೇಲೆ ಮೂರನೆಯದು. ಒಂದು ತೇಪೆ ಆರದೆ ಅದರ ಮೇಲೆ ಇನ್ನೊಂದು ಕೂರುವಂತಿಲ್ಲ. ಕೂತರೆ ಎರಡೂ ಕಲಸಿ ಕೆಸರಾಗುತ್ತವೆ. ಆದ್ದರಿಂದ ಕುಂಚ ಹಿಡಿದ ಕೈ ಕಾಯಬೇಕು. ಕಾಯುವಷ್ಟು ಹೊತ್ತೂ ಕಣ್ಣು ಬೆಟ್ಟದ ಮೇಲೆ. ನೀಲಿ, ಹಸಿರು, ನೇರಳೆ, ಅಲ್ಲೊಂದು ಕಾವಿಯ ಛಾಯೆ ಒಂದರೊಳಗೊಂದು ತೋರುತ್ತ ಬಂಡೆಯಾಗುತ್ತವೆ, ಮರವಾಗುತ್ತವೆ. ಪೆನ್ಸಿಲಿನ ಗೆರೆಯೂ ಅಷ್ಟೆ: ಅಂಚನ್ನು ಒಮ್ಮೆಗೇ ಕಟ್ಟಿಹಾಕದೆ ಎರಡು ಮೂರು ಸಲ ತಡವರಿಸಿ ಹಾಯುತ್ತದೆ. ಬೆಟ್ಟ ಎಲ್ಲಿ ಮುಗಿದು ಆಕಾಶ ಎಲ್ಲಿ ತೊಡಗುತ್ತದೆಂದು ಆತ ಸುಲಭವಾಗಿ ತೀರ್ಪು ಕೊಡುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಎಷ್ಟೋ ಹಾಳೆಗಳಲ್ಲಿ ಬಹುಭಾಗ ಬರಿಯ ಕಾಗದವೇ. ಇವು ಅಪೂರ್ಣ ಚಿತ್ರಗಳೇ ಎಂಬ ಪ್ರಶ್ನೆ ಏಳುವುದು ಸಹಜ. ಕನ್ನಡದ ಮೇಷ್ಟರಿಗೆ ಇಲ್ಲಿ ಆನಂದವರ್ಧನನ ಧ್ವನಿಯನ್ನು ಎಳೆತರುವ ಆಸೆ ಬರುತ್ತದೆ. ನನಗೂ ಬಂದಿತ್ತು, ಆದರೆ ಒಪ್ಪಲಾರೆ. ಧ್ವನಿಯಲ್ಲಿ ಹೇಳಿದ್ದರ ಆಚೆಗೆ ಬೇರೊಂದು ಅರ್ಥ ಹೊಳೆಯುತ್ತದೆ. ಸೆಜಾನ್‌ನ ಬಿಳುಪು ಆಚೆಯ ಯಾವುದನ್ನೂ ಸೂಚಿಸುವುದಿಲ್ಲ. ಬೆಟ್ಟದ ಮೇಲೆ ಬಿದ್ದ ಬಿಸಿಲೇ ಅದು. ಪಾರದರ್ಶಕ ಜಲವರ್ಣದಲ್ಲಿ ಬೆಳಕನ್ನು ಕೊಡುವುದು ಕಾಗದ. ಒಮ್ಮೆ ಮುಚ್ಚಿದರೆ ಆ ಬೆಳಕನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಸರಿಯಾದ ಬಣ್ಣ ಕಾಣುವವರೆಗೆ ಜಾಗವನ್ನು ಖಾಲಿ ಬಿಡುವುದು, ಕಾಣದಿದ್ದರೆ ಖಾಲಿಯಾಗಿಯೇ ಉಳಿಸುವುದು ಪ್ರಾಮಾಣಿಕತೆಯ ಕೆಲಸವೆಂದು ನಾನು ತಿಳಿದಿದ್ದೇನೆ. ಪದ್ಯದ ಪ್ರತಿ ಸಾಲಿಗೂ ಟಿಪ್ಪಣಿ ತುಂಬುವ ನಮ್ಮ ಪಠ್ಯಪುಸ್ತಕಕಾರರು ಈ ಹಾಳೆಗಳನ್ನು ಒಮ್ಮೆ ನೋಡಬಾರದೆ?

ಕಾಯುವುದು ಅವನಿಗೆ ಅಗ್ಗವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಮಧುಮೇಹದಿಂದ ದೇಹ ಕುಗ್ಗಿತ್ತು. 1906ರ ಸೆಪ್ಟೆಂಬರಿನಲ್ಲಿ ಮಗನಿಗೆ ಬರೆದ ಪತ್ರವೊಂದರಲ್ಲಿ ಅವನು ನದೀತೀರದ ನೋಟವನ್ನು ವರ್ಣಿಸುತ್ತಾನೆ: ಕುಳಿತ ಜಾಗ ಬಿಡದೆ ತುಸು ಬಲಕ್ಕೋ ಎಡಕ್ಕೋ ವಾಲಿದರೆ ಸಾಕು, ಅದೇ ವಸ್ತು ತಿಂಗಳುಗಟ್ಟಲೆ ಕೆಲಸ ಕೊಟ್ಟೀತು. ತಿಂಗಳುಗಳು ಉಳಿದಿರಲಿಲ್ಲ. ಅಕ್ಟೋಬರಿನಲ್ಲಿ ಬಯಲಿನಲ್ಲಿ ಬರೆಯುತ್ತಿದ್ದಾಗ ಬಿರುಮಳೆಗೆ ಸಿಕ್ಕಿ ಕುಸಿದ. ಅಗಸರ ಬಂಡಿಯಲ್ಲಿ ಮನೆಗೆ ತಂದರು. ಸುಮಾರು ಒಂದು ವಾರದಲ್ಲಿ ತೀರಿಕೊಂಡ.

ಮರುವರ್ಷದ ಜೂನಿನಲ್ಲಿ ಪ್ಯಾರಿಸಿನ ಬರ್ನ್‌ಹೈಮ್ ಗ್ಯಾಲರಿಯಲ್ಲಿ ಅವನ ಜಲವರ್ಣಗಳ ಪ್ರದರ್ಶನ ನಡೆಯಿತು. ನೋಡಿದವರಲ್ಲಿ ಜರ್ಮನ್ ಕವಿ ರಿಲ್ಕೆಯೂ ಒಬ್ಬ. ಆ ವರ್ಷ ಸೆಜಾನ್‌ನನ್ನು ಕುರಿತು ಪತ್ನಿಗೆ ಅವನು ಬರೆದ ಪತ್ರಗಳು ಇಂದು ಪ್ರಸಿದ್ಧ. ಈ ಹಾಳೆಗಳು ಹೆಚ್ಚು ಬೆಳಕನ್ನು ತಾಳವು. ಸಂಗ್ರಹಾಲಯಗಳು ಕೆಲಕಾಲ ತೋರಿಸಿ ಮತ್ತೆ ಕತ್ತಲಲ್ಲಿರಿಸುತ್ತವೆ. ನಮಗೆ ದೊರೆಯುವುದು ಅಚ್ಚಿನ ಪ್ರತಿಗಳು. ಅವನ ಚಿತ್ರಗಳ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕಿದರೆ ಜಲವರ್ಣದ ಒಂದು ಪುಟ ತೆರೆದು, ಮೊದಲು ಬಣ್ಣವಿಲ್ಲದ ಭಾಗಗಳನ್ನೇ ನೋಡುತ್ತ ಹೋಗಿ.