ಕುಡಿಯದವರ ಲಿವರ್

ಬೆಂಗಳೂರಿನ ಕಗ್ಗದಾಸಪುರದ ನಮ್ಮ ಬೀದಿಯಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದವರನ್ನು ಏನಂತೆ ಅಂತ ಕೇಳಿ ನೋಡಿ. ‘ಎಲ್ಲಾ ನಾರ್ಮಲ್ಲು. ಫ್ಯಾಟಿ ಲಿವರ್ ಗ್ರೇಡ್ ಒನ್ ಅಂತೆ, ಅದು ಈಗ ಎಲ್ಲರಿಗೂ ಇರುತ್ತಂತೆ’ ಅನ್ನುತ್ತಾರೆ. ಎಲ್ಲರಿಗೂ ಇರುವುದಿಲ್ಲ. ಆದರೆ ಭಾರತದ ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ವಯಸ್ಕರ ಪೈಕಿ ನೂರಕ್ಕೆ 38 ಮಂದಿಗೆ ಇತ್ತು.

ನಾನು ವೈದ್ಯನಲ್ಲ. ರೋಗಗಳ ಚರಿತ್ರೆ ಓದುವ ಹುಚ್ಚಿನವನು. ಅದರಲ್ಲಿ ಲಿವರಿನ ಕೊಬ್ಬಿನ ಕಥೆ ನನಗೆ ಬಹಳ ಇಷ್ಟ, ಯಾಕೆಂದರೆ ಇದು ರೋಗಿಯ ಮಾತನ್ನು ಯಾರೂ ನಂಬದೇ ಹೋದ ಕಥೆ.

1836ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಕುಡುಕರ ಲಿವರಿನಲ್ಲಿ ಕೊಬ್ಬು ಕಟ್ಟುವುದನ್ನು ಬರೆದಿಟ್ಟ. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಲಿವರಿನಲ್ಲಿ ಕೊಬ್ಬು ಕಂಡರೆ ಹೆಂಡವೇ ಕಾರಣ ಅನ್ನುವ ತೀರ್ಪು ಗಟ್ಟಿಯಾಯಿತು. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಝೆಲ್ಮನ್ ಎಂಬ ವೈದ್ಯ, ದಿನಕ್ಕೆ 20 ಬಾಟಲಿಗೂ ಹೆಚ್ಚು ಕೋಲಾ ಕುಡಿಯುತ್ತಿದ್ದ ಆಸ್ಪತ್ರೆ ಸಹಾಯಕನೊಬ್ಬನ ಲಿವರ್ ಕಂಡು, ಬೊಜ್ಜಿನವರನ್ನು ಪರೀಕ್ಷಿಸಿ ಅವರ ಲಿವರಿನಲ್ಲೂ ಕೊಬ್ಬಿದೆ ಅಂತ ಬರೆದ. ಅದು ಹೆಚ್ಚು ಸದ್ದು ಮಾಡಲಿಲ್ಲ.

ಆಮೇಲೆ ಬಂದ ಯುರ್ಗೆನ್ ಲುಡ್ವಿಗ್. ಮೇಯೊ ಕ್ಲಿನಿಕ್ಕಿನ ಪೆಥಾಲಜಿಸ್ಟ್, ಮೈಕ್ರೋಸ್ಕೋಪಿನ ಕೆಳಗೆ ಲಿವರಿನ ತುಣುಕು ನೋಡುವ ಕೆಲಸ. 20 ಮಂದಿಯ ತುಣುಕು ನೋಡಿದರೆ ಸಾಕ್ಷಾತ್ ಕುಡುಕರದ್ದೇ. ಆದರೆ ಬಹುಪಾಲು ಹೆಂಗಸರು, ಹೆಚ್ಚಿನವರು ದಪ್ಪ ಮೈಯವರು, ಕುಡಿತದ ಅಭ್ಯಾಸವೇ ಇಲ್ಲ. ವೈದ್ಯರು ಬಿಡಬೇಕಲ್ಲ! ‘ನಿಜ ಹೇಳಿ’ ಅಂತ ರೋಗಿಯ ಬಾಯಿ ಬಿಡಿಸುವುದು, ಆಗದಿದ್ದರೆ ನೆಂಟರನ್ನು ಕೇಳುವುದು. 1980ರಲ್ಲಿ ಲುಡ್ವಿಗ್ ಈ ಕಾಯಿಲೆಗೆ ಒಂದು ಹೆಸರಿಟ್ಟ. ಇದನ್ನು ಗುರುತಿಸಿದರೆ ಇಂಥ ವಾಗ್ವಾದದಿಂದ ವೈದ್ಯರಿಗಾಗುವ ಮುಜುಗರ ತಪ್ಪುತ್ತದೆ ಅಂತಲೂ ಆ ಲೇಖನದಲ್ಲೇ ಬರೆದ. ವೈದ್ಯರ ಮುಜುಗರ ಸರಿ, ಆ ಹೆಂಗಸರ ಮುಜುಗರವನ್ನು ಲೆಕ್ಕ ಇಟ್ಟವರು ಯಾರು?

ಬೊಜ್ಜು ಕಾರಣವಾದರೆ ಬೊಜ್ಜು ಇಳಿಸಿದರೆ ಆಯಿತು. ಇಲ್ಲಿ ಅವಸರದವರ ಒಂದು ಅಧ್ಯಾಯವಿದೆ. 1960, 70ರ ದಶಕಗಳಲ್ಲಿ ಸಣ್ಣ ಕರುಳಿನ ಬಹುಭಾಗವನ್ನು ಬದಿಗಿಟ್ಟು ಹೊಲಿಯುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ತೂಕ ಸರಸರ ಇಳಿಯಿತು, ಕೆಲವರ ಲಿವರ್ರೇ ಕೈಕೊಟ್ಟಿತು. ಕೊನೆಗೆ ಆ ವಿಧಾನವನ್ನೇ ಕೈಬಿಟ್ಟರು. ಇಂದಿನ ಬೊಜ್ಜಿನ ಶಸ್ತ್ರಚಿಕಿತ್ಸೆಗಳು ಬೇರೆ. ಆದರೂ ‘ಹತ್ತು ದಿನಕ್ಕೆ ಹತ್ತು ಕಿಲೋ’ ಬೋರ್ಡು ಕಂಡಾಗಲೆಲ್ಲ ನನಗೆ ಆ ಕರುಳುಗಳ ನೆನಪಾಗುತ್ತದೆ.

ನಿಧಾನದ ಪರವಾದ ಗಟ್ಟಿ ಸಾಕ್ಷ್ಯ ಬಂದದ್ದು ಕ್ಯೂಬಾದಿಂದ, 2015ರಲ್ಲಿ. 293 ಮಂದಿಗೆ ಒಂದು ವರ್ಷ ಊಟ ತಗ್ಗಿಸಿ, ನಡೆಸಿ, ಮತ್ತೆ ಲಿವರಿನ ತುಣುಕು ತೆಗೆದು ನೋಡಿದರು. ತೂಕದಲ್ಲಿ ನೂರಕ್ಕೆ 10ರಷ್ಟು ಇಳಿಸಿದವರಲ್ಲಿ 90 ಪಾಲು ಜನರಲ್ಲಿ ಕೊಬ್ಬಿನಿಂದಾದ ಲಿವರಿನ ಉರಿಯೂತ ಮಾಯ, 45 ಪಾಲು ಜನರ ಕಲೆಗಟ್ಟಿದ ಲಿವರ್ ಕೂಡ ಸುಧಾರಿಸಿತ್ತು. 80 ಕಿಲೋ ಇರುವವರಿಗೆ ಅದು 8 ಕಿಲೋ. 4 ಕಿಲೋ ಇಳಿಸಿದರೂ ಕೊಬ್ಬು ಕರಗತೊಡಗುತ್ತದೆ. ಬೇಜಾರಿನ ಸಂಗತಿಯೆಂದರೆ ಆ 10ರ ಗಡಿ ಮುಟ್ಟಿದವರು ಹತ್ತರಲ್ಲಿ ಒಬ್ಬರು ಮಾತ್ರ.

‘ನಾನು ಸಣ್ಣಗಿದ್ದೀನಲ್ಲ’ ಅನ್ನುತ್ತೀರಾ? ಮೈಸೂರಿಗೆ ಬನ್ನಿ. ಊರಿನವರು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997ರಿಂದ ಬಸುರಿಯರನ್ನೂ ಅವರ ಮಕ್ಕಳನ್ನೂ ಹಿಂಬಾಲಿಸಿದ ಅಧ್ಯಯನವಿದೆ. ಡಾ. ಕೃಷ್ಣವೇಣಿ ಮತ್ತು ಸಂಗಡಿಗರು ಅಳೆದಾಗ, ನಮ್ಮ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ ಬಹಳ ಕಡಿಮೆ, ಆದರೆ ಬೆನ್ನಿನ ಮೇಲಿನ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅಷ್ಟೇ! ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಕಟ್ಟುವ ಮೈ ಹುಟ್ಟುತ್ತಲೇ ಬಂದಿರಬಹುದು. ಹಾಗಾಗಿ ನಮ್ಮವರು ತೂಕದ ಯಂತ್ರಕ್ಕಿಂತ ಸೊಂಟದ ಟೇಪನ್ನು ನಂಬಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ.

ನಮ್ಮ ಕಗ್ಗದಾಸಪುರದ ಸುತ್ತಲಿನ ಕಾರ್ಖಾನೆಗಳಾದ ಎನ್‌ಜಿಇಎಫ್‌ಗೆ, ಎಚ್‌ಎಎಲ್‌ಗೆ ಸೈಕಲ್ ತುಳಿದ ಅಪ್ಪಂದಿರ ಮಕ್ಕಳು ಇವತ್ತು ರೈಲ್ವೆ ಗೇಟಿನ ಹತ್ತಿರ ಕಾರಿನಲ್ಲಿ ಕೂತು, ಟೆಕ್ ಪಾರ್ಕಿನಲ್ಲೂ ಕೂತೇ ಇರುತ್ತಾರೆ. 2025ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದು 345 ಐಟಿ ನೌಕರರನ್ನು ಪರೀಕ್ಷಿಸಿ ನೂರಕ್ಕೆ 84 ಮಂದಿಯಲ್ಲಿ ಲಿವರ್ ಕೊಬ್ಬು ಕಂಡಿತು. ಸಣ್ಣ ಗುಂಪು ನಿಜ, ಆದರೂ ಎದೆ ಝಲ್ಲೆನ್ನುತ್ತದೆ.

ತೂಕ ಇಳಿಸುವುದಕ್ಕೆ ಇನ್ನೊಂದು ಅಡ್ಡಿ ನಾವೇ. ಯಾರಾದರೂ ಕಷ್ಟಪಟ್ಟು ನಾಲ್ಕು ಕಿಲೋ ಇಳಿಸಿದರೆ ‘ಯಾಕಮ್ಮಾ ಇಷ್ಟು ಸೊರಗಿದ್ದೀಯ, ಶುಗರ್ ಬಂತಾ?’ ಅನ್ನುತ್ತೇವೆ. ಅವರು ಹೆದರಿ ಸಂಜೆಯ ಬೋಂಡಕ್ಕೆ ವಾಪಸಾಗುತ್ತಾರೆ.

ಔಷಧಿಗಳು ಬಂದಿವೆ. ಅಮೆರಿಕ 2024ರಲ್ಲಿ ರೆಸ್ಮೆಟಿರಾಮ್ ಎಂಬ ಮಾತ್ರೆಗೆ, 2025ರಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದಿಗೆ ಲಿವರ್ ಕಲೆಗಟ್ಟುವ ಈ ಕಾಯಿಲೆಯ ಸಲುವಾಗಿ ಒಪ್ಪಿಗೆ ಕೊಟ್ಟಿತು. ಅವುಗಳ ಜೊತೆಗೂ ಊಟ ತಗ್ಗಿಸಿ ನಡೆಯಲೇಬೇಕು. ನಮ್ಮ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಶುಗರ್, ಬಿಪಿಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಈ ವಾರ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೆ ಹೋಗಿ ಸೊಂಟ ಅಳೆಸಿ, ಶುಗರ್ ನೋಡಿಸಿ. ಮನೆಯವರನ್ನೂ ಕರೆದುಕೊಂಡು ಹೋಗಿ.